ರಿಸಲ್ಟ್ ಬರಲಿ ನೋಡೋಣ ಅನ್ನುವ ಮನೆಯಿಂದ ಮಕ್ಕಳನ್ನು ಕಾಲೇಜಿಗೆ ಕಳಿಸುವುದು ಹೇಗೆ

ಬೆಂಗಳೂರಿನ ಪೀಣ್ಯ ಕಡೆ ಒಂದು ಸರ್ಕಾರಿ ಹೈಸ್ಕೂಲಿನ ಎದುರು ನನ್ನ ಅಂಗಡಿ ಇದೆ. ಜೆರಾಕ್ಸ್, ಪ್ರಿಂಟ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ. ಮಕ್ಕಳಿಗೆಲ್ಲ ನಾನು ಜೆರಾಕ್ಸ್ ಆಂಟಿ. ನನ್ನ ಮಕ್ಕಳಿಬ್ಬರೂ ಅಲ್ಲೇ ಓದಿದ್ದರಿಂದ ಕೆಲವು ವರ್ಷ ಎಸ್‌ಡಿಎಂಸಿಯಲ್ಲೂ, ಅಂದರೆ ಪೋಷಕರೇ ಇರುವ ಶಾಲಾಭಿವೃದ್ಧಿ ಸಮಿತಿಯಲ್ಲೂ, ಇದ್ದೆ. ಈಗ ಸದಸ್ಯೆ ಅಲ್ಲ. ಆದರೂ ಮೀಟಿಂಗ್ ಇದ್ದರೆ ಎಚ್.ಎಂ. ಮೇಡಂ ಗೇಟಿನಿಂದಲೇ ಕೂಗುತ್ತಾರೆ, ನಾನು ರಸ್ತೆ ದಾಟಿ ಹೋಗುತ್ತೇನೆ.

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ಅಂಗಡಿ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ಮಾರ್ಕ್ಸ್ ಪ್ರಿಂಟ್ ಕೈಗೆ ಕೊಟ್ಟು, "ಮುಂದೇನಪ್ಪಾ?" ಅಂತ ಕೇಳುತ್ತೇನೆ. ಕೆಲವರು ಥಟ್ ಅಂತ ಹೇಳುತ್ತಾರೆ. ಉಳಿದವರು ಅಪ್ಪನ ಮುಖ ನೋಡುತ್ತಾರೆ. ಅಪ್ಪ, "ನೋಡೋಣ ಮೇಡಂ" ಅನ್ನುತ್ತಾರೆ. ಜೂನ್ ಹೊತ್ತಿಗೆ ಆ ಹುಡುಗ ಯಾವುದೋ ವರ್ಕ್‌ಶಾಪಿನಲ್ಲಿ ಹೆಲ್ಪರ್. ಹುಡುಗಿ ತಮ್ಮನನ್ನು ನೋಡಿಕೊಂಡು ಮನೆಯಲ್ಲಿ.

ಇದಕ್ಕೆ ಮಾರ್ಕ್ಸ್ ಕಾರಣ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. 625ಕ್ಕೆ 480 ತೆಗೆದವಳು ಪ್ಯಾಕಿಂಗ್‌ಗೆ ಹೋದದ್ದನ್ನು ನೋಡಿದ್ದೇನೆ. 300 ದಾಟಲು ಒದ್ದಾಡಿದವನು ಡಿಪ್ಲೊಮಾ ಮುಗಿಸಿ ಸಿಹಿ ತಂದು ಕೊಟ್ಟದ್ದನ್ನೂ ನೋಡಿದ್ದೇನೆ. ಎರಡನೆಯವನ ಮನೆಯಲ್ಲಿ ಎಂಟನೇ ಕ್ಲಾಸಿನಿಂದಲೇ ಕಾಲೇಜಿನ ಮಾತಿತ್ತು. ಮೊದಲನೆಯವಳ ಮನೆಯಲ್ಲಿ ಆ ಮಾತು ಎತ್ತಿದವರೇ ಇರಲಿಲ್ಲ. ಮಗಳ ಮದುವೆಗೆ ಎರಡು ವರ್ಷ ಮೊದಲೇ ಓಡಾಡುವ ಮನೆ, ಕಾಲೇಜಿಗೆ ಎರಡು ವಾರವೂ ಓಡಾಡುವುದಿಲ್ಲ ಅಲ್ವಾ?

ಮೇಷ್ಟ್ರುಗಳಿಗೆ, ಎಸ್‌ಡಿಎಂಸಿಯವರಿಗೆ, ಬೀದಿಯಲ್ಲಿ ನಾಲ್ಕು ಜನರ ಪರಿಚಯ ಇರುವ ಯಾರಿಗಾದರೂ ಉಪಯೋಗ ಆಗಲಿ ಅಂತ, ನಮ್ಮ ಕಡೆ ಏನು ಮಾಡಿದರೆ ಕೆಲಸ ನಡೆಯುತ್ತದೆ ಅನ್ನುವುದನ್ನು ಬರೆಯುತ್ತಿದ್ದೇನೆ.

ಮನೆಯಲ್ಲಿ ಯಾರ ಮಾತು ನಡೆಯುತ್ತದೆ?

ಶಾಲೆಯವರು ಅಮ್ಮನನ್ನು ಕರೆಯುತ್ತಾರೆ. ಅಮ್ಮ ಬಂದು, ತಲೆ ಆಡಿಸಿ, ಸಹಿ ಹಾಕಿ ಹೋಗುತ್ತಾಳೆ. ಆದರೆ ಮಾತು ಅವಳ ಕೈಯಲ್ಲಿ ಇರುವುದಿಲ್ಲ. ಒಂದು ಮನೆಯಲ್ಲಿ ದೊಡ್ಡಪ್ಪ, ಇನ್ನೊಂದರಲ್ಲಿ ಸೋದರಮಾವ, ಮತ್ತೊಂದರಲ್ಲಿ ಊರಿನಲ್ಲಿ ಕೂತ ಅಜ್ಜಿ. "ಹತ್ತನೇದು ಮುಗಿಸಲಿ, ನಮ್ಮ ಫ್ಯಾಕ್ಟರಿಗೇ ಹಾಕ್ಸ್ತೀನಿ" ಅಂತ ಮಾತು ಕೊಟ್ಟಿರುವ ಸೂಪರ್‌ವೈಸರ್ ಕೂಡ ಇರುತ್ತಾರೆ.

ಇದನ್ನು ಪತ್ತೆ ಹಚ್ಚುವುದು ಸುಲಭ. ಎಂಟನೇ ಕ್ಲಾಸಿನಲ್ಲೇ ಮಗುವನ್ನು ಕೇಳಿ: "ನಿಮ್ಮನೇಲಿ ದೊಡ್ಡ ಖರ್ಚು ಬಂದ್ರೆ ಅಪ್ಪ-ಅಮ್ಮ ಯಾರನ್ನ ಕೇಳ್ತಾರೆ?" ಮಗು ಥಟ್ಟನೆ ಹೇಳುತ್ತದೆ. ಆ ಹೆಸರು, ಫೋನ್ ನಂಬರ್ ಹಾಜರಿ ಪುಸ್ತಕದ ಕೊನೆಯಲ್ಲಿ ಬರೆದಿಟ್ಟುಕೊಳ್ಳಿ. ಮೀಟಿಂಗಿಗೆ ಅಮ್ಮನ ಜೊತೆ ಅವರನ್ನೂ ಕರೆಯಿರಿ. "ನಿಮ್ಮ ಮಾತಿಗೆ ಮನೇಲಿ ಬೆಲೆ ಇದೆಯಂತೆ, ನೀವು ಬರಲೇಬೇಕು" ಅಂದರೆ ದೊಡ್ಡಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬರುತ್ತಾರೆ.

ಇನ್ನೊಂದು ವಿಷಯ. ಶಾಲೆಯಿಂದ ಫೋನ್ ಬಂದರೆ ನಮ್ಮ ಜನಕ್ಕೆ ಗಾಬರಿ. ಹುಡುಗ ಏನೋ ಮಾಡಿಕೊಂಡಿದ್ದಾನೆ ಅಂತಲೇ ಲೆಕ್ಕ. ಹಾಗಾಗಿ ಮೊದಲ ಫೋನ್ ದೂರಿಗಲ್ಲ, ಸುಮ್ನೆ ಒಳ್ಳೆ ಮಾತಿಗೆ ಇರಲಿ. "ನಿಮ್ಮ ಮಗ ಇವತ್ತು ನಕ್ಷೆ ಚೆನ್ನಾಗಿ ಬಿಡಿಸಿದ" ಅಂದರೂ ಸಾಕು. ಎರಡನೇ ಸಲ ಫೋನ್ ಮಾಡಿದಾಗ ಅವರು ಕೂತು ಮಾತಾಡುತ್ತಾರೆ.

ಮೀಟಿಂಗ್ ಯಾವಾಗ, ಹೇಗೆ

ಬುಧವಾರ ಬೆಳಿಗ್ಗೆ 11 ಗಂಟೆಗೆ ಪೋಷಕರ ಸಭೆ ಇಟ್ಟು, "ಯಾರೂ ಬರಲ್ಲ, ಇವರಿಗೆ ಕಾಳಜಿನೇ ಇಲ್ಲ" ಅನ್ನುವುದನ್ನು ಬಿಡಬೇಕು. ಗಾರ್ಮೆಂಟ್ಸ್‌ಗೆ ಹೋಗುವ ತಾಯಿ ಆ ದಿನ ಬಂದರೆ ದಿನದ ಸಂಬಳವೂ ಹೋಗುತ್ತದೆ, ಅಟೆಂಡೆನ್ಸ್ ಬೋನಸ್ಸೂ ಹೋಗುತ್ತದೆ. ಆಟೋ ಓಡಿಸುವವರಿಗೆ ಅದು ಬಾಡಿಗೆ ಸಿಗುವ ಹೊತ್ತು. ನಮ್ಮ ಕಡೆ ಭಾನುವಾರ ಸಂಜೆ ನಾಲ್ಕು ಗಂಟೆ ಸರಿಯಾದ ಸಮಯ. ಬಟ್ಟೆ ಒಗೆದು ಆಗಿರುತ್ತದೆ, ರಾತ್ರಿ ಅಡುಗೆ ಶುರುವಾಗಿರುವುದಿಲ್ಲ. ಒಂದು ಗಂಟೆಗೆ ಮುಗಿಸಿ. ಚಹಾ, ಖಾರಾ ಬನ್ ಕೊಡಿ. ಮೇಷ್ಟ್ರುಗಳು ವೇದಿಕೆ ಮೇಲೆ, ಪೋಷಕರು ಮಕ್ಕಳ ಬೆಂಚಿನಲ್ಲಿ ಮಂಡಿ ಮಡಚಿಕೊಂಡು, ಹಾಗೆ ಬೇಡ. ಎಲ್ಲರೂ ಒಂದೇ ಎತ್ತರದ ಕುರ್ಚಿಯಲ್ಲಿ ಸುತ್ತ ಕೂತರೆ ಮಾತು ಹೊರಡುತ್ತದೆ. ತಮಿಳು, ತೆಲುಗು, ಉರ್ದು ಮಾತಾಡುವ ಮನೆಯವರಿದ್ದರೆ ಪಕ್ಕದಲ್ಲಿ ಒಬ್ಬ ದೊಡ್ಡ ಹುಡುಗನನ್ನು ಕೂರಿಸಿ, ಹೇಳಿದ್ದನ್ನು ಅವನು ಅವರ ಮಾತಿನಲ್ಲಿ ಹೇಳಲಿ.

ಭಾಷಣಕ್ಕೆ ಯಾರನ್ನೂ ಕರೆಯಬೇಡಿ. ಅದೇ ಶಾಲೆಯಲ್ಲಿ ಓದಿ ಈಗ ಕಾಲೇಜಿಗೆ ಹೋಗುತ್ತಿರುವ ಒಬ್ಬ ಹುಡುಗಿ ಬಂದರೆ ಸಾಕು, ತನ್ನ ಬ್ಯಾಗ್ ಸಮೇತ. ಒಂದು ಸಲ ನಮ್ಮ ಪಕ್ಕದ ಬೀದಿಯ ಬಿ.ಕಾಂ. ಹುಡುಗಿ ಬಂದಿದ್ದಳು. ಅವಳಮ್ಮ ಅಪಾರ್ಟ್‌ಮೆಂಟಿನಲ್ಲಿ ಹೌಸ್‌ಕೀಪಿಂಗ್. ಮಾತಾಡಲು ನಾಚಿಕೊಂಡಳು. "ಮಾತು ಬೇಡಮ್ಮ, ಬ್ಯಾಗಲ್ಲಿ ಏನಿದೆ ತೋರ್ಸು" ಅಂದೆ. ಐಡಿ ಕಾರ್ಡು ತೆಗೆದಳು. ಟಿಫಿನ್ ಡಬ್ಬಿ ತೆಗೆದಳು. ಪರ್ಸಿನಿಂದ ನಾಲ್ಕು ಮಡಿಕೆ ಮಾಡಿದ ಫೀಸಿನ ರಸೀದಿ ತೆಗೆದಳು. ಆ ರಸೀದಿ ಕೈಯಿಂದ ಕೈಗೆ ಹೋಯಿತು. ಓದಲು ಬರುವ ತಾಯಿ ಬರದವಳಿಗೆ ಓದಿ ಹೇಳಿದಳು. "ಇಷ್ಟೇನಾ? ಒಂದು ವರ್ಷಕ್ಕಾ?" ಅಂತ ಹಿಂದಿನಿಂದ ಯಾರೋ ಕೇಳಿದರು. ಆಮೇಲೆ ಪ್ರಶ್ನೆಗಳು ಶುರು. ಎಷ್ಟು ಗಂಟೆಗೆ ಮನೆ ಬಿಡ್ತೀಯ? ಬಸ್ ಎಲ್ಲಿ ಹತ್ತುತೀಯ? ಸಂಜೆ ಕತ್ತಲಾಗೋದ್ರೊಳಗೆ ಬರ್ತೀಯಾ? ಟಾಯ್ಲೆಟ್ ಇದೆಯಾ? ಹುಡುಗರು ಅದೇ ಬೆಂಚಲ್ಲಿ ಕೂರ್ತಾರಾ? ಮಾರ್ಕ್ಸ್ ಎಷ್ಟು ಅಂತ ಒಬ್ಬರೂ ಕೇಳಲಿಲ್ಲ. ಮನೆಯವರ ಭಯ ಇರುವುದು ಆ ಪ್ರಶ್ನೆಗಳಲ್ಲಿ. ಅದಕ್ಕೆ ಉತ್ತರ ಮೇಷ್ಟ್ರ ಬಾಯಿಂದ ಬಂದರೆ ನಂಬಿಕೆ ಬರುವುದಿಲ್ಲ, ಆ ಹುಡುಗಿ ಬಾಯಿಂದ ಬರಬೇಕು.

ಗಂಡಸರಿಗೆ ಬೇರೆ ದಾರಿ. ಪೀಣ್ಯದಲ್ಲಿ ಲೇತ್ ಮೇಲೆ ಕೆಲಸ ಮಾಡುವ ಅಪ್ಪನಿಗೆ ಓದಿನ ಮಹತ್ವ ಹೇಳಲು ಹೋಗಬೇಡಿ. "ನಿಮ್ಮ ಫ್ಯಾಕ್ಟರೀಲಿ ಡಿಪ್ಲೊಮಾ ಮಾಡಿ ಬಂದ ಹುಡುಗನಿಗೂ ನಿಮಗೂ ಸಂಬಳದಲ್ಲಿ, ಕೆಲಸದಲ್ಲಿ ಏನು ವ್ಯತ್ಯಾಸ?" ಅಂತ ಎಲ್ಲರ ಎದುರು ಕೇಳಿ. ಅವರೇ ಹೇಳುತ್ತಾರೆ, ಸ್ವಲ್ಪ ಸಿಟ್ಟಿನಿಂದಲೇ ಹೇಳುತ್ತಾರೆ.

ಒಂದು ದಿನ ಕೆ.ಆರ್. ಸರ್ಕಲ್ ಸುತ್ತ

ನಮ್ಮ ಏರಿಯಾದ ಎಷ್ಟೋ ಮಕ್ಕಳು ಕಾಲೇಜಿನ ಗೇಟು ದಾಟಿಯೇ ಇಲ್ಲ. ಮನೆಯವರಂತೂ ಇಲ್ಲವೇ ಇಲ್ಲ. ದೊಡ್ಡ ಕಟ್ಟಡ ಕಂಡರೆ "ಅದು ನಮ್ಮಂಥವರಿಗಲ್ಲ" ಅನಿಸುತ್ತದೆ. ಆದ್ದರಿಂದ ಒಂಬತ್ತನೇ ಕ್ಲಾಸಿನಲ್ಲೇ ಕರೆದುಕೊಂಡು ಹೋಗಿ.

ಹೆಚ್ಚು ಖರ್ಚಿಲ್ಲ. ಬಿಎಂಟಿಸಿಯಲ್ಲಿ ಹೆಂಗಸರಿಗೆ, ಹುಡುಗಿಯರಿಗೆ ಶಕ್ತಿ ಯೋಜನೆ ಇದೆ. ಮೆಟ್ರೋ ಆದರೆ ಪೀಣ್ಯದಿಂದ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ ಒಂದೇ ಸ್ಟಾಪು. ನಿಲ್ದಾಣದ ಹೆಸರಲ್ಲೇ ಸೆಂಟ್ರಲ್ ಕಾಲೇಜು ಇದೆ. 1858ರಲ್ಲಿ ಶುರುವಾದ ಕಾಲೇಜು ಅದು. ಅಲ್ಲಿಂದ ಕೆ.ಆರ್. ಸರ್ಕಲ್ ಸುತ್ತ ನಡೆದುಕೊಂಡೇ ಹೊರಟರೆ ಎಸ್.ಜೆ. ಪಾಲಿಟೆಕ್ನಿಕ್, ಮಹಾರಾಣಿ ಕಾಲೇಜು, ಸರ್ಕಾರಿ ಆರ್.ಸಿ. ಕಾಲೇಜು, ವಿಶ್ವೇಶ್ವರಯ್ಯನವರು 1917ರಲ್ಲಿ ಶುರು ಮಾಡಿಸಿದ ಇಂಜಿನಿಯರಿಂಗ್ ಕಾಲೇಜು ಯುವಿಸಿಇ, ನೃಪತುಂಗ ರಸ್ತೆಯಲ್ಲಿ ಮೊದಲು ಸರ್ಕಾರಿ ವಿಜ್ಞಾನ ಕಾಲೇಜಾಗಿದ್ದು ಈಗ ನೃಪತುಂಗ ವಿಶ್ವವಿದ್ಯಾಲಯ ಆಗಿರುವುದು, ಎಲ್ಲ ಸಿಗುತ್ತವೆ. ಇಷ್ಟೂ ಸರ್ಕಾರದ್ದು ಅಂತ ಗೊತ್ತಾದಾಗ ಜನರ ಮುಖ ನೋಡಬೇಕು. ಹತ್ತನೇದಾದ ಕೂಡಲೇ ಸೇರಬಹುದಾದ್ದು ಇವುಗಳಲ್ಲಿ ಪಾಲಿಟೆಕ್ನಿಕ್ ಮಾತ್ರ, ಉಳಿದವಕ್ಕೆ ಪಿಯುಸಿ ಆಗಿರಬೇಕು ಅನ್ನುವುದನ್ನು ಅಲ್ಲೇ ಗೇಟಿನ ಮುಂದೆ ನಿಂತು ಹೇಳಿ. ಆಗ ತಲೆಗೆ ಹೋಗುತ್ತದೆ.

ಕೆಲಸದ ದಿನವೇ ಹೋಗಬೇಕು, ಹುಡುಗ ಹುಡುಗಿಯರು ಪುಸ್ತಕ ಹಿಡಿದು ಓಡಾಡುವುದು ಕಾಣಬೇಕು. ಒಳಗೆ ಹೋಗಲು ಶಾಲೆಯ ಲೆಟರ್‌ಹೆಡ್‌ನಲ್ಲಿ ಮೊದಲೇ ಒಂದು ಪತ್ರ ಕೊಟ್ಟಿರಿ. ತಾಯಂದಿರಿಗೆ ರಜ ಸಿಗದಿದ್ದರೆ ಅಜ್ಜಿಯರನ್ನು ಕರೆದುಕೊಂಡು ಹೋಗಿ. ನನ್ನ ಕೇಳಿದರೆ ಅಜ್ಜಿಯರೇ ಮೇಲು. ಸಂಜೆ ನಲ್ಲಿ ಹತ್ತಿರ ಇಡೀ ಬೀದಿಗೆ ವರದಿ ಒಪ್ಪಿಸುವವರು ಅವರೇ.

ಕಾಗದ ಪತ್ರ: ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರಿ

ಓದುವ ಮನಸ್ಸಿದ್ದೂ ಮನೆಯವರ ಒಪ್ಪಿಗೆ ಇದ್ದೂ ಮಗು ಸೋಲುವುದು ಕಾಗದದಲ್ಲಿ. ಇದು ನನ್ನ ಕಸುಬು, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲನೆಯದು ಹೆಸರು. ಯಾದಗಿರಿ, ರಾಯಚೂರಿನಿಂದ ಬಂದವರಲ್ಲಿ ಮಗಳ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು ಮೂರೂ ಆಧಾರ್‌ನಲ್ಲಿ ಇರುತ್ತದೆ. ಇಲ್ಲಿ ಶಾಲೆಗೆ ಸೇರಿಸುವಾಗ ಯಾರೋ ಹೆಸರಿನ ಮುಂದೆ ಒಂದು ಇನಿಷಿಯಲ್ ಹಾಕಿ ಮುಗಿಸಿರುತ್ತಾರೆ. ಬ್ಯಾಂಕಿನಲ್ಲಿ ಮೂರನೇ ಥರ. ಸ್ಕಾಲರ್‌ಶಿಪ್ ಪೋರ್ಟಲ್‌ಗೆ ಇವರು ಮೂವರು ಬೇರೆ ಬೇರೆ ಹುಡುಗಿಯರು. ಅರ್ಜಿ ಮುಂದೆ ಹೋಗುವುದೇ ಇಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದುಪಡಿ ಅಂದರೆ ಓಡಾಡಿ ಚಪ್ಪಲಿ ಸವೆಯುತ್ತದೆ. ಹಾಗಾಗಿ ಎಂಟು ಅಥವಾ ಒಂಬತ್ತರಲ್ಲೇ ಆಧಾರ್, ಶಾಲೆಯ ದಾಖಲಾತಿ, ಜನನ ಪ್ರಮಾಣಪತ್ರ ಮೂರನ್ನೂ ಮೇಜಿನ ಮೇಲೆ ಪಕ್ಕ ಪಕ್ಕ ಇಟ್ಟು ಅಕ್ಷರ ಅಕ್ಷರ ಓದಿ. ಇಂಗ್ಲಿಷ್ ಸ್ಪೆಲ್ಲಿಂಗ್ ಜೋರಾಗಿ ಓದಿ. ಹುಟ್ಟಿದ ದಿನಾಂಕವನ್ನೂ. ಹತ್ತನೇ ತರಗತಿಯಲ್ಲಿ ಬೋರ್ಡಿಗೆ ವಿವರ ಕಳಿಸುವ ಮುಂಚೆ ಶಾಲೆಯಲ್ಲಿ ಪೋಷಕರಿಗೆ ತೋರಿಸಿ ಸಹಿ ಪಡೆಯಬೇಕು. ಮಗುವಿನ ಕೈಯಲ್ಲಿ ಮನೆಗೆ ಕಳಿಸಿ ಸಹಿ ತರಿಸಬೇಡಿ, ಎದುರು ಕೂರಿಸಿ ಓದಿಸಿ.

ಎರಡನೆಯದು ಜಾತಿ ಮತ್ತು ಆದಾಯ ಪ್ರಮಾಣಪತ್ರ. ಅದರ ಮೇಲೆ ಅಚ್ಚಾಗಿರುವ ಆರ್‌ಡಿ ನಂಬರ್ ಇಲ್ಲದೆ ಸ್ಕಾಲರ್‌ಶಿಪ್ಪೂ ಇಲ್ಲ, ಹಾಸ್ಟೆಲ್ಲೂ ಇಲ್ಲ. ಆದಾಯದ್ದು ಐದು ವರ್ಷಕ್ಕೆ ಮುಗಿಯುತ್ತದೆ, ತಾರೀಖು ನೋಡಿ. ಊರಿನ ವಿಳಾಸದ ದಾಖಲೆ ಇರುವವರು ಊರಿನ ನಾಡಕಚೇರಿಯಲ್ಲೇ ಮಾಡಿಸಿಕೊಳ್ಳುವುದು ಸಲೀಸು. ಜೂನ್‌ನಲ್ಲಿ ಅಡ್ಮಿಷನ್ ನಡುವೆ ರಾತ್ರಿ ಬಸ್ಸು ಹತ್ತಿ ಊರಿಗೆ ಓಡುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಹೇಗೂ ಜಾತ್ರೆಗೆ ಹೋಗುತ್ತಾರೆ, ಯುಗಾದಿಗೆ ಹೋಗುತ್ತಾರೆ. ಹೋಗುವ ವಾರ ಮುಂಚೆ ಶಾಲೆಯಿಂದ ಒಂದು ಚೀಟಿ ಕಳಿಸಿ: ಏನೇನು ಒಯ್ಯಬೇಕು, ಏನು ಮಾಡಿಸಿಕೊಂಡು ಬರಬೇಕು.

ಅದೇ ಚೀಟಿಯಲ್ಲಿ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಪತ್ರವನ್ನೂ ಬರೆಯಿರಿ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ, ಈ ಏಳು ಜಿಲ್ಲೆಯವರಿಗೆ ವೃತ್ತಿಪರ ಕೋರ್ಸುಗಳಲ್ಲಿ ಆ ಭಾಗದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟು ಮೀಸಲು. ಬೆಂಗಳೂರಿನಲ್ಲಿ ಇದ್ದೀವಿ ಅಂದ ಮಾತ್ರಕ್ಕೆ ಅದು ತಪ್ಪಿ ಹೋಗುವುದಿಲ್ಲ. ಅರ್ಹತಾ ಪತ್ರವನ್ನು ಅಲ್ಲಿನ ಉಪವಿಭಾಗಾಧಿಕಾರಿ ಕಚೇರಿಯಿಂದ ತರಬೇಕು. ವಿಜಯಪುರ, ಬಾಗಲಕೋಟೆಯವರೂ ಬಂದು ಕೇಳುತ್ತಾರೆ, ಪಾಪ. ಅವರಿಗೆ ಇಲ್ಲ.

ಮೂರನೆಯದು ಕನ್ನಡ ಮಾಧ್ಯಮದ ಪತ್ರ. ಒಂದರಿಂದ ಹತ್ತರವರೆಗೆ ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ. 5 ಮೀಸಲಾತಿ ಇದೆ. ಮಗು ಮೂರು ಶಾಲೆ ಬದಲಿಸಿದ್ದರೆ ಮೂರೂ ಕಡೆಯಿಂದ ವ್ಯಾಸಂಗ ಪ್ರಮಾಣಪತ್ರ ಬೇಕು, ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಮೇಲುಸಹಿ ಬೇಕು. ಎರಡನೇ ಪಿಯುಸಿಯಲ್ಲಿ ನೆನಪಾದರೆ ಹಳೆಯ ಶಾಲೆಯ ಎಚ್.ಎಂ. ನಿವೃತ್ತಿ ಆಗಿರುತ್ತಾರೆ, ರಿಜಿಸ್ಟರ್ ಹುಡುಕುವವರು ಇರುವುದಿಲ್ಲ. ಟಿಸಿ ತೆಗೆಯುವ ದಿನವೇ ಇದನ್ನೂ ಕೇಳಿ ಪಡೆಯಿರಿ.

ನಾಲ್ಕನೆಯದು ಬ್ಯಾಂಕ್ ಖಾತೆ. ಮಗುವಿನ ಹೆಸರಲ್ಲೇ ಇರಬೇಕು, ಆಧಾರ್ ಸೀಡಿಂಗ್ ಆಗಿರಬೇಕು. ಆಧಾರ್ ಲಿಂಕ್ ಬೇರೆ, ಸೀಡಿಂಗ್ ಬೇರೆ. ಸೀಡಿಂಗ್ ಅಂದರೆ ಆಧಾರ್ ನಂಬರಿಗೆ ಬರುವ ಸರ್ಕಾರದ ದುಡ್ಡು ಇದೇ ಖಾತೆಗೆ ಬೀಳುವ ಹಾಗೆ ಮಾಡಿಸುವುದು. ಬ್ಯಾಂಕಿನವರು "ಲಿಂಕ್ ಆಗಿದೆ" ಅಂದರೆ "ಎನ್‌ಪಿಸಿಐ ಸೀಡಿಂಗ್ ಆಗಿದೆಯಾ?" ಅಂತ ಇನ್ನೊಮ್ಮೆ ಕೇಳಿ. ಆರನೇ ಕ್ಲಾಸಿನಲ್ಲಿ ಮಾಡಿಸಿದ ಖಾತೆಯಲ್ಲಿ ವ್ಯವಹಾರ ಇಲ್ಲದೆ ಅದು ಮಲಗಿರುತ್ತದೆ. ಆಗಾಗ ನೂರು ರೂಪಾಯಿ ಹಾಕಿ ತೆಗೆಯುತ್ತಿರಿ.

ಇದನ್ನೆಲ್ಲ ಮೇಷ್ಟ್ರುಗಳೇ ಮಾಡಲು ಆಗುವುದಿಲ್ಲ. ಅವರಿಗೆ ಜನಗಣತಿಯಿಂದ ಹಿಡಿದು ಮೊಟ್ಟೆ ಲೆಕ್ಕದವರೆಗೂ ಇದೆ. ಬೀದಿಯಲ್ಲಿ ನನ್ನಂಥ ಅಂಗಡಿಯವರು ಇದ್ದೇ ಇರುತ್ತಾರೆ. ವರ್ಷಕ್ಕೆ ಎರಡು ಭಾನುವಾರ ಕಂಪ್ಯೂಟರ್ ತೆಗೆದುಕೊಂಡು ಶಾಲೆಗೇ ಬನ್ನಿ ಅಂತ ಕೇಳಿ. ಬರುತ್ತಾರೆ. ವ್ಯಾಪಾರಕ್ಕೂ ಒಳ್ಳೆಯದು, ಸುಳ್ಳು ಯಾಕೆ ಹೇಳಲಿ.

ದುಡ್ಡಿನ ಮಾತು

"ದುಡ್ಡಿಲ್ಲ" ಅನ್ನುವ ಮನೆಯಲ್ಲೂ ಚೀಟಿ ಕಟ್ಟುತ್ತಿರುತ್ತಾರೆ. ತೊಂದರೆ ಏನೆಂದರೆ ಚೀಟಿ ಎತ್ತುವುದು ಹಬ್ಬಕ್ಕೋ, ನಾಮಕರಣಕ್ಕೋ. ಮಗು ಒಂಬತ್ತಕ್ಕೆ ಬಂದಾಗ ಸೇರಿದ ಚೀಟಿಯನ್ನು ಹತ್ತನೇದು ಮುಗಿದ ಮೇ ತಿಂಗಳಲ್ಲಿ ಎತ್ತುವ ಹಾಗೆ ಮೊದಲೇ ಮಾತಾಡಿಕೊಳ್ಳಿ. ಸ್ತ್ರೀಶಕ್ತಿ ಸಂಘದಲ್ಲೂ ಹಾಗೇ, ಮೇ-ಜೂನ್ ಸಾಲದ ಸರದಿ ಕಾಲೇಜಿಗೆ ಮಕ್ಕಳಿರುವವರಿಗೆ ಮೊದಲು ಅಂತ ಒಂದು ನಿಯಮ ಮಾಡಿಕೊಂಡರೆ ಜಗಳ ಇಲ್ಲ. ಗೃಹಲಕ್ಷ್ಮಿಯ 2,000ದಲ್ಲಿ ಬ್ಯಾಂಕಿನಲ್ಲಿ ತಿಂಗಳಿಗೆ 1,000 ಉಳಿತಾಯದ ಆರ್‌ಡಿ ಕಟ್ಟಿದರೂ ಎರಡು ವರ್ಷಕ್ಕೆ 24,000. ಸರ್ಕಾರಿ ಪಿಯು ಕಾಲೇಜಿಗೆ, ಪುಸ್ತಕಕ್ಕೆ, ಎರಡು ಜೊತೆ ಬಟ್ಟೆಗೆ ಅದು ಬೇಕಾದಷ್ಟಾಯಿತು.

ಸ್ಕಾಲರ್‌ಶಿಪ್‌ಗಳಲ್ಲಿ ಎಂಟನೇ ಕ್ಲಾಸಿನಲ್ಲಿ ಬರೆಯುವ, ಕೇಂದ್ರ ಸರ್ಕಾರದ ಎನ್‌ಎಂಎಂಎಸ್ ಸ್ಕಾಲರ್‌ಶಿಪ್ ಪರೀಕ್ಷೆಯನ್ನು ಮರೆಯಬೇಡಿ. ಮನೆಯ ಆದಾಯ ವರ್ಷಕ್ಕೆ 3.5 ಲಕ್ಷದ ಒಳಗಿರಬೇಕು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000. ಆದರೆ ಪಿಯುಸಿಯನ್ನು ಸರ್ಕಾರಿ ಅಥವಾ ಅನುದಾನಿತ ಕಾಲೇಜಿನಲ್ಲೇ ಓದಬೇಕು, ಪ್ರತಿ ವರ್ಷ ನವೀಕರಿಸಬೇಕು. ಖಾಸಗಿಗೆ ಸೇರಿ ಕಳೆದುಕೊಂಡವರಿದ್ದಾರೆ. ಕಟ್ಟಡ ಕೆಲಸದವರ ಹತ್ತಿರ ಲೇಬರ್ ಕಾರ್ಡ್ ಇದ್ದರೆ ಮಂಡಳಿಯಿಂದ ಮಕ್ಕಳ ಓದಿಗೆ ಸಹಾಯಧನ ಇದೆ, ಕಾರ್ಡ್ ನವೀಕರಣ ಆಗಿರಬೇಕು ಅಷ್ಟೆ. ಗಾರ್ಮೆಂಟ್ಸ್‌ನವರಿಗೆ ಕಾರ್ಮಿಕ ಕಲ್ಯಾಣ ಮಂಡಳಿಯದ್ದು ಇದೆ. ಅದಕ್ಕೆ ಫ್ಯಾಕ್ಟರಿಯ ಎಚ್‌ಆರ್ ಸಹಿ ಬೇಕು. ಒಬ್ಬಳೇ ಹೋಗಿ ಕೇಳಿದರೆ "ನಾಳೆ ಬಾ" ಅನ್ನುತ್ತಾರೆ. ನಾಲ್ಕು ಜನ ತಾಯಂದಿರು ಒಟ್ಟಿಗೆ ಹೋದರೆ ಅವತ್ತೇ ಸಹಿ ಬೀಳುತ್ತದೆ.

ಏಪ್ರಿಲ್‌ನಲ್ಲಿ ಶಾಲೆ ಗೇಟಿನ ಮುಂದೆ ಪಾಂಪ್ಲೆಟ್ ಹಂಚುವವರ ಬಗ್ಗೆ ಎಚ್ಚರ. ನಮ್ಮ ಬೀದಿಯ ಒಬ್ಬ ಆಟೋದವರು ಮಗಳನ್ನು ಒಂದು ಖಾಸಗಿ ಕಾಲೇಜಿಗೆ ಕೋಚಿಂಗ್ ಸಮೇತ ಅಂತ ಸೇರಿಸಿದರು. ಎರಡು ತಿಂಗಳಲ್ಲಿ ಹುಡುಗಿಗೆ ಆಗಲಿಲ್ಲ. ಟಿಸಿ ಕೇಳಿದರೆ ಪೂರ್ತಿ ವರ್ಷದ ಫೀಸು ಕಟ್ಟಿ ಅಂದರು. ಹೆಸರು ಬೇಡ. ಮೂಲ ದಾಖಲೆ ಕೊಡುವ ಮುಂಚೆ "ಬಿಟ್ಟರೆ ಏನು?" ಅಂತ ಕೇಳಿ, ಬರೆದುಕೊಡಲು ಹೇಳಿ.

ಯಾವ ದಾರಿ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಸೈನ್ಸ್ ತೆಗೆದುಕೊಂಡವರೇ ಬುದ್ಧಿವಂತರು ಅನ್ನುವ ಹುಚ್ಚು ಬಿಡಿ. ಕನ್ನಡ ಮಾಧ್ಯಮದಿಂದ ಬಂದ ಮಗು ಸೈನ್ಸ್ ಸೇರುವುದಾದರೆ ಪಾಠ ಇಂಗ್ಲಿಷಿನಲ್ಲಿ ಇರುತ್ತದೆ. ಏಪ್ರಿಲ್-ಮೇ ರಜೆಯಲ್ಲೇ ಪದಗಳ ಪರಿಚಯ ಮಾಡಿಸಬೇಕು, ಬೀದಿಯ ಯಾವುದಾದರೂ ಬಿ.ಎಸ್ಸಿ. ಅಕ್ಕ ಸಂಜೆ ಹೊತ್ತು ಕೂತರೆ ಆಗುತ್ತದೆ. ಕೈಕೆಲಸದ ಮೇಲೆ ಆಸೆ ಇರುವವನಿಗೆ ಐಟಿಐ ಇದೆ, ಪಾಲಿಟೆಕ್ನಿಕ್ ಇದೆ, ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ ಜಿಟಿಟಿಸಿ ಇದೆ. ಡಿಪ್ಲೊಮಾ ಮಾಡಿದವರು ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ನೇರ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗಬಹುದು. ಈ ಒಂದು ಮಾತು ಅಪ್ಪಂದಿರಿಗೆ ಬಹಳ ಹಿಡಿಸುತ್ತದೆ.

ಫೇಲಾದರೆ? ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಲು ಅವಕಾಶ ಇದೆ. ಫೇಲಾದ ಮಗುವಿನ ಮನೆಗೆ ರಿಸಲ್ಟ್ ಬಂದ ದಿನವೇ ಯಾರಾದರೂ ಹೋಗಬೇಕು. ಪಾಸಾದವರ ಫೋಟೋ ಬ್ಯಾನರ್ ಆಮೇಲೆ ಮಾಡಿಸಿದರಾಯಿತು.

ಬೀದಿಯವರನ್ನು ಎಳೆದು ತನ್ನಿ

ಹಿಂದೆ ವಾರಾನ್ನ ಅಂತ ಇತ್ತು. ಬಡ ಹುಡುಗರು ದಿನಕ್ಕೊಂದು ಮನೆಯಲ್ಲಿ ಊಟ ಮಾಡಿ ಓದಿದರು. ಬೆಂಗಳೂರಿನಲ್ಲಿ ಒಂದೊಂದು ಸಮುದಾಯದವರೂ ಹಾಸ್ಟೆಲ್ ಕಟ್ಟಿಸಿದರು. ಈಗ ನಮ್ಮ ಮಕ್ಕಳಿಗೆ ಅನ್ನಕ್ಕೆ ಅಷ್ಟು ಕಷ್ಟ ಇಲ್ಲ, ಜಾಗಕ್ಕೆ ಕಷ್ಟ. ಶೀಟಿನ ಮನೆ, ಒಂದೇ ಕೋಣೆ, ಟಿವಿ ಸೀರಿಯಲ್, ಅತ್ತ ಕುಕ್ಕರ್ ವಿಷಲ್. ಸಂಜೆ ಏಳರಿಂದ ಒಂಬತ್ತು, ಒಂದು ಟ್ಯೂಬ್‌ಲೈಟು, ಒಂದು ಜಮಖಾನ ಇರುವ ಜಾಗ ಸಿಕ್ಕರೆ ಸಾಕು. ನಮ್ಮಲ್ಲಿ ದೇವಸ್ಥಾನದ ಹಿಂದಿನ ಹಾಲ್ ಸಿಕ್ಕಿತು. ಕಮಿಟಿಯವರು ಮೊದಲು "ಚಪ್ಪಲಿ, ಗಲಾಟೆ" ಅಂದರು. ಒಬ್ಬರು ತಾಯಿ ದಿನವೂ ಬಾಗಿಲಲ್ಲಿ ಹೂ ಕಟ್ಟುತ್ತಾ ಕೂರಲು ಒಪ್ಪಿದರು. ಅವರ ಕಣ್ಣಿಗೆ ಬಿದ್ದು ಯಾರೂ ಗಲಾಟೆ ಮಾಡುವುದಿಲ್ಲ. ಹೆಣ್ಣುಮಕ್ಕಳ ಮನೆಯವರೂ ಅವರಿದ್ದಾರೆ ಅಂತಲೇ ಕಳಿಸುತ್ತಾರೆ.

ಗಣೇಶನ ಕಮಿಟಿ ಹುಡುಗರನ್ನು ಬೈಯಬೇಡಿ, ಬಳಸಿಕೊಳ್ಳಿ. ಬೀದಿಯಲ್ಲಿ ಚಂದಾ ಎತ್ತುವ ತಾಕತ್ತು ಅವರಿಗಿರುವಷ್ಟು ಯಾರಿಗೂ ಇಲ್ಲ. ಒಂದು ದಿನದ ಆರ್ಕೆಸ್ಟ್ರಾ ಕಮ್ಮಿ ಮಾಡಿ, ಆ ದುಡ್ಡಲ್ಲಿ ಪಿಯು ಸೇರುವ ಮಕ್ಕಳ ಅರ್ಜಿ ಶುಲ್ಕ, ಹುಡುಗರ ಬಸ್ ಪಾಸು ನೋಡಿಕೊಳ್ಳಲಿ. ಕಮಿಟಿ ಹೆಸರು ದೊಡ್ಡದಾಗಿ ಬ್ಯಾನರಿನಲ್ಲಿ ಹಾಕಿ, ಅವರಿಗೂ ಸಂತೋಷ.

ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಆಟೋ ಸ್ಟ್ಯಾಂಡಿನವರು ಸ್ಟೇಜ್ ಹಾಕುತ್ತಾರೆ. ಶೇ. 90 ತೆಗೆದವರಿಗೆ ಶಾಲು, ಹಾರ. ಆ ಮಕ್ಕಳು ಶಾಲು ಹೊದಿಸದಿದ್ದರೂ ಓದುತ್ತಾರೆ. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರನ್ನು ಕರೆಯಿರಿ, ಮಾರ್ಕ್ಸ್ ಎಷ್ಟೇ ಇರಲಿ. ಶಾಲು ಅವರ ಅಮ್ಮನಿಗೆ ಹೊದಿಸಿ. ಕೆಳಗೆ ಕೂತ ಎಂಟನೇ ಕ್ಲಾಸಿನ ಮಕ್ಕಳ ಅಮ್ಮಂದಿರು ಅದನ್ನು ನೋಡುತ್ತಿರುತ್ತಾರೆ.

ಹುಡುಗಿಯರ ವಿಷಯ

"ಕಾಲೇಜಿಗೆ ಹೋಗಿ ಏನ್ ಮಾಡ್ತಾಳ್ರೀ, ನಮ್ಮವ್ವ ಊರಾಗ ಹುಡುಗನ್ನ ನೋಡ್ಯಾಳ." ಇದು ನನ್ನ ಕೌಂಟರಿನ ಮುಂದೆ ಬಂದ ಮಾತು. ಹುಡುಗಿ ಪಕ್ಕದಲ್ಲೇ ಇದ್ದಳು. ಇಂಥ ಕಡೆ ಮೊದಲು ಕಾನೂನು ತೆಗೆದರೆ ಮನೆಯವರು ರಾತ್ರೋರಾತ್ರಿ ಊರಿಗೆ ಹೊರಡುತ್ತಾರೆ. ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಮನೆ ಓನರ್ ಆಂಟಿ, ಯಾರ ಮಾತು ಅವರು ಕೇಳುತ್ತಾರೋ ಅವರು ಹೋಗಿ ಕೂರಲಿ. "ಎರಡು ವರ್ಷ ಪಿಯುಸಿ ಆಗ್ಲಿ, ಒಳ್ಳೆ ಕಡೆಯಿಂದ ಕೇಳ್ಕೊಂಡು ಬರ್ತಾರೆ" ಅನ್ನುವ ಮಾತು ನನಗೆ ಇಷ್ಟ ಇಲ್ಲ. ಆದರೆ ಕೆಲಸ ಮಾಡುತ್ತದೆ, ಎರಡು ವರ್ಷ ಸಿಗುತ್ತದೆ. 18 ತುಂಬದೆ ದಿನ ಗೊತ್ತು ಮಾಡಿದ್ದಾರೆ ಅಂತ ತಿಳಿದರೆ ಮಾತ್ರ ತಡ ಮಾಡದೆ 1098ಕ್ಕೆ ಫೋನ್ ಮಾಡಿ. ಅಲ್ಲಿ ಮುಲಾಜು ಬೇಡ.

ಸೇರಿಸಿದ ಮೇಲೆ

ಅಡ್ಮಿಷನ್ ಆದ ಕೂಡಲೇ ಎಲ್ಲರೂ ಕೈ ತೊಳೆದುಕೊಳ್ಳುತ್ತಾರೆ. ಮಕ್ಕಳು ಬಿಡುವುದು ಮೊದಲ ಮೂರು ತಿಂಗಳಲ್ಲಿ. ಇಂಗ್ಲಿಷ್ ಅರ್ಥ ಆಗುವುದಿಲ್ಲ, ಗೆಳೆಯರು ಇಲ್ಲ, ಬಸ್ಸು ತಪ್ಪುತ್ತದೆ, ಒಂದು ದಿನ ತಪ್ಪಿಸಿಕೊಂಡವರು ಹತ್ತು ದಿನ ತಪ್ಪಿಸಿಕೊಳ್ಳುತ್ತಾರೆ. ಒಂದೇ ಕಡೆ ಹೋಗುವ ಮಕ್ಕಳನ್ನು ಜೊತೆ ಮಾಡಿ ಒಂದೇ ಕಾಲೇಜಿಗೆ ಸೇರಿಸಿ. ಒಬ್ಬಳು ಹೊರಟರೆ ಇನ್ನೊಬ್ಬಳು ಹೊರಡುತ್ತಾಳೆ.

ಹತ್ತನೇ ಕ್ಲಾಸಿನ ವಾಟ್ಸ್ಆ್ಯಪ್ ಗುಂಪನ್ನು ಬೀಳ್ಕೊಡುಗೆ ದಿನ ಮುಚ್ಚಬೇಡಿ. ಸ್ಕಾಲರ್‌ಶಿಪ್ ಅರ್ಜಿ ರಾಜ್ಯದ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಶುರುವಾದಾಗ ಅದರಲ್ಲೇ ಹಾಕಿ. ಆಗಸ್ಟ್‌ನಲ್ಲಿ ಒಂದು ಸಲ ಪ್ರತಿ ಮನೆಗೂ ಫೋನ್ ಮಾಡಿ. "ಚೆನ್ನಾಗಿ ಓದ್ತಿದಾಳಾ?" ಅಂತ ಕೇಳಬೇಡಿ, ಹೂಂ ಅನ್ನುತ್ತಾರೆ, ಮುಗಿಯಿತು. "ಇವತ್ತು ಕಾಲೇಜಿಗೆ ಹೋದ್ಲಾ? ಎಷ್ಟು ಗಂಟೆ ಬಸ್ಸಿಗೆ?" ಅಂತ ಕೇಳಿ. ಆ ಕಡೆಯವರು ಉತ್ತರ ಹೇಳಲು ತಡವರಿಸಿದರೆ ಅವತ್ತೇ ಸಂಜೆ ಆ ಮನೆಗೆ ಹೋಗಿ.